ಬಸ್ ಟಿಕೆಟ್ಟಿನ ಅಣ್ಣ, ಹುಣಸೆಬೀಜದಷ್ಟು ಅತ್ತಿಗೆ

ನನ್ನ ಅಣ್ಣನನ್ನು ನಾನು ಬಸ್ ಟಿಕೆಟ್ಟುಗಳಿಂದ ಮಾಡಿದೆ. ಅದರಲ್ಲಿ ನನ್ನ ತಪ್ಪೇನೂ ಇಲ್ಲ. ಅವನು ಹೊಸನಗರದಲ್ಲಿ ಗುಮಾಸ್ತನಾಗಿದ್ದ. ಶನಿವಾರ ಸಂಜೆ ಸಾಗರಕ್ಕೆ ಬಂದರೆ ಸೋಮವಾರ ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಿದ್ದ. ಅವನು ಮನೆಯಲ್ಲಿ ಬಿಟ್ಟು ಹೋಗುತ್ತಿದ್ದದ್ದೆಂದರೆ ಅಂಗಿಯ ಜೇಬಿನಲ್ಲಿ ಮುದುಡಿದ ಟಿಕೆಟ್ಟುಗಳು. ಅವನ್ನೇ ಕತ್ತರಿಸಿ ಕೈಕಾಲು ಮಾಡಿದೆ. ಹೋಲಿಕೆ ಚೆನ್ನಾಗಿಯೇ ಇತ್ತು.

ಅರವತ್ತರ ದಶಕ, ನಾನಾಗ ಆರನೇ ಕ್ಲಾಸು. "ನಮ್ಮ ಮನೆಯವರು" ಅಂತ ಒಂದು ಚಿತ್ರ ಮಾಡಿಕೊಂಡು ಬನ್ನಿ, ಬಣ್ಣ ಕೊಳ್ಳಬೇಡಿ, ಬಿಸಾಡುವ ಸಾಮಾನಿನಲ್ಲೇ ಮಾಡಿ ಎಂದು ಕ್ರಾಫ್ಟ್ ಟೀಚರು ಹೇಳಿದ್ದರು. ಬಿಸಾಡುವ ಸಾಮಾನು ಯಾವುದೆಂದು ಅವರು ಬಿಡಿಸಿ ಹೇಳಲಿಲ್ಲ, ನಾನೂ ಕೇಳಲು ಹೋಗಲಿಲ್ಲ. ಕೇಳಿದ್ದರೆ ನನ್ನ ಅರ್ಧ ಚಿತ್ರ ಅಲ್ಲೇ ಮುಗಿದುಹೋಗುತ್ತಿತ್ತು.

ಹಳೆಯ ಕ್ಯಾಲೆಂಡರಿನ ರಟ್ಟು, ಮೈದಾ ಹಿಟ್ಟು ಕುದಿಸಿದ ಅಂಟು. ಅಪ್ಪನ ಮೂಗಿನ ಜಾಗಕ್ಕೆ ನಶ್ಯದ ಡಬ್ಬಿಯ ಲೇಬಲ್ಲು ಬಂತು. ಅಮ್ಮನದು ಒಂದೂ ಫೋಟೊ ಇರಲಿಲ್ಲ. ಫೋಟೊ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಯಾರೋ ಅವಳ ತಲೆಗೆ ತುಂಬಿದ್ದರು. ಅಡಿಕೆ ಹಾಳೆಯನ್ನು ದುಂಡಗೆ ಕತ್ತರಿಸಿ ಅವಳ ಮುಖ ಮಾಡಿ, ಎರಡು ಸಾಸಿವೆ ಕಾಳನ್ನು ಕಣ್ಣಾಗಿಟ್ಟೆ. ಒಣಗುವಷ್ಟರಲ್ಲಿ ಒಂದು ಕಾಳು ಉದುರಿತು. ಅಮ್ಮ ಎಲ್ಲರಿಗೂ ಕಣ್ಣು ಹೊಡೆಯುತ್ತ ನಿಂತಳು.

ಉಳಿದವಳು ಅತ್ತಿಗೆ. ಅವಳು ತೀರ್ಥಹಳ್ಳಿಯವಳು, ನಮ್ಮ ಮನೆಗೆ ಬಂದು ಎರಡು ವರ್ಷವಾಗಿತ್ತು. ಬರುವಾಗ ಅವಳ ಹೆಸರು ನನ್ನ ಅಮ್ಮನದೇ ಹೆಸರಾಗಿತ್ತು. ಅತ್ತೆಗೂ ಸೊಸೆಗೂ ಒಂದೇ ಹೆಸರಿದ್ದರೆ ಹೇಗೆ? ಸೊಸೆಯನ್ನು ಗದರಿಸಿದರೆ ಅತ್ತೆಯನ್ನೂ ಗದರಿಸಿದಂತೆ. ಹಾಗಾಗಿ ಮದುವೆಯ ದಿನ ಹರಿವಾಣದ ಅಕ್ಕಿಯ ಮೇಲೆ ಅಣ್ಣ ಉಂಗುರದ ತುದಿಯಿಂದ ಬೇರೊಂದು ಹೆಸರು ಬರೆದ. ಮರುದಿನ ಆ ಅಕ್ಕಿ ಪಾಯಸವಾಯಿತು, ಹೆಸರು ಮಾತ್ರ ಅತ್ತಿಗೆಗೆ ಅಂಟಿಕೊಂಡಿತು.

ಅಂಟಿಕೊಂಡಿತು ಎಂದೆನೇ? ಅಷ್ಟೇನೂ ಅಂಟಿರಲಿಲ್ಲ. ಹೊಸ ಹೆಸರಿನಲ್ಲಿ ಮೂರು ಸಲ ಕೂಗಿದರೂ ಅವಳು ತಿರುಗುತ್ತಿರಲಿಲ್ಲ. "ಕಿವಿ ಮಂದ ಇರ್ಬೇಕು" ಎಂದು ಅಮ್ಮ ಗೊಣಗುತ್ತಿದ್ದಳು. ನನಗೆ ಮಾತ್ರ ಗುಟ್ಟು ಗೊತ್ತಿತ್ತು. ಬಾವಿಕಟ್ಟೆಯ ಹತ್ತಿರ ಯಾರೂ ಇಲ್ಲದಾಗ ಹಳೆಯ ಹೆಸರಿನಲ್ಲಿ ಮೆಲ್ಲಗೆ ಕರೆದರೆ ಸಾಕು, ಮೊದಲ ಸಲಕ್ಕೇ "ಓ" ಎನ್ನುತ್ತಿದ್ದಳು. ಆಮೇಲೆ ನಾಲಿಗೆ ಕಚ್ಚಿಕೊಂಡು ನನ್ನ ಕಿವಿ ಹಿಂಡುತ್ತಿದ್ದಳು. ಎಷ್ಟು ಹಿಂಡಿಸಿಕೊಂಡರೂ ನಾನು ಆ ಆಟ ಬಿಡಲಿಲ್ಲ.

ಅತ್ತಿಗೆಯ ಟ್ರಂಕಿನ ತಳದಲ್ಲಿ, ಸೀರೆಗಳ ನಡುವೆ, ತೀರ್ಥಹಳ್ಳಿಯ ಶಾಲೆಯ ಗ್ರೂಪ್ ಫೋಟೊ ಇತ್ತು. ಸಾಲುಸಾಲು ಹುಡುಗಿಯರ ನಡುವೆ ಹುಣಸೆಬೀಜದಷ್ಟು ಅವಳ ಮುಖ. ನನಗೆ ಬೇಕಿದ್ದದ್ದು ಒಂದು ತಲೆ, ಅಲ್ಲಿ ಇಷ್ಟೊಂದು ತಲೆಗಳಿದ್ದವು. ಕತ್ತರಿ ಹಾಕಿದೆ. ಅವಳ ರವಿಕೆ ಹೊಲಿದು ಉಳಿದ ಹಸಿರು ಚೂರಿನಲ್ಲಿ ಅಂಗೈಯಗಲ ಮೈ ಮಾಡಿ, ಅದರ ಮೇಲೆ ಆ ತಲೆಯನ್ನು ಅಂಟಿಸಿದೆ. ದೊಡ್ಡ ಕುಂಬಳಕಾಯಿಯ ಮೇಲೆ ಇರುವೆ ಕೂತಂತೆ ಕಂಡಿತು.

ಸಂಜೆ ಅತ್ತಿಗೆ ಟ್ರಂಕು ತೆಗೆದಳು. ಫೋಟೊದಲ್ಲಿನ ತೂತು ನೋಡಿ ಬಯ್ಯುತ್ತಾಳೆ ಎಂದು ನಾನು ಓಡಲು ಸಿದ್ಧಳಾಗಿಯೇ ನಿಂತಿದ್ದೆ. ಅವಳು ಬಯ್ಯಲಿಲ್ಲ. ಮೊದಲು ಫೋಟೊ ತಿರುಗಿಸಿ ಬೆನ್ನು ನೋಡಿದಳು. ಅಲ್ಲಿ ಅವರ ಮೇಷ್ಟ್ರು ಸಾಲಾಗಿ ಎಲ್ಲ ಹುಡುಗಿಯರ ಹೆಸರು ಬರೆದಿದ್ದರು. ನನ್ನ ಕತ್ತರಿ ಸರಿಯಾಗಿ ಅವಳ ಹೆಸರಿನ ಮೇಲೇ ಹಾದುಹೋಗಿತ್ತು. ಕೊನೆಯ ಒಂದು ಅಕ್ಷರ ಮಾತ್ರ ಉಳಿದಿತ್ತು.

"ಮುಖ ಹೋದ್ರೆ ಹೋಗ್ಲಿ ಮಾರಾಯ್ತಿ, ಕನ್ನಡೀಲಿ ಇನ್ನೊಂದು ಸಿಗತ್ತೆ," ಎಂದಳು. "ಹೆಸ್ರು ಬರ್ದಿದ್ದು ಇದೊಂದೇ ಇತ್ತು. ಅದನ್ನ ಎಲ್ಲಿಂದ ತರ್ಲಿ?"

ಅಷ್ಟು ಹೇಳಿ ಟ್ರಂಕಿನ ಮುಚ್ಚಳದ ಮೇಲೆ ಕೂತುಬಿಟ್ಟಳು. ನನಗೆ ಅವತ್ತು ನಿಜವಾಗಿ ನಾಚಿಕೆಯಾಯಿತು. ನನ್ನ ತುಂಟತನಕ್ಕೆ ಅಳುವವರನ್ನು ನೋಡಿದ್ದೆ, ಕೂಗಾಡುವವರನ್ನು ನೋಡಿದ್ದೆ, ಹೀಗೆ ಟ್ರಂಕಿನ ಮೇಲೆ ಕೂತುಬಿಟ್ಟವರನ್ನು ನೋಡಿರಲಿಲ್ಲ. ಏನಾದರೂ ಮಾಡಲೇಬೇಕೆಂದು ಅಪ್ಪನ ಶಾಯಿ ಸೀಸೆ ತಂದು, ಚಿತ್ರದಲ್ಲಿ ಹಸಿರು ರವಿಕೆಯ ಕೆಳಗೆ ಅವಳ ಹಳೆಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದೆ. ಒಣಗಲೆಂದು ಜಗಲಿಯ ಗೋಡೆಗೆ ಒರಗಿಸಿಟ್ಟೆ. ಆ ಹೆಸರು ಇನ್ನೊಬ್ಬರದೂ ಹೌದು ಎಂಬುದು ಆ ಗಳಿಗೆಯಲ್ಲಿ ಮರೆತೇಹೋಗಿತ್ತು.

ಅಮ್ಮ ಮೂರನೇ ಕ್ಲಾಸಿನವರೆಗೆ ಓದಿದವಳು. ಅಕ್ಷರಕ್ಕೊಂದು ಬೆರಳಿಟ್ಟು ಓದುತ್ತಿದ್ದಳು. ಜಗಲಿಗೆ ಬಂದವಳು ಚಿತ್ರದ ಮುಂದೆ ಬಗ್ಗಿದಳು. ಅಡಿಕೆ ಹಾಳೆಯ ಮುಖದ ಕೆಳಗೆ "ಅಮ್ಮ" ಎಂದಿತ್ತು, ಅದನ್ನು ಓದಿ ಒಂದೇ ಕಣ್ಣು ನೋಡಿ ನನ್ನ ಕಡೆ ದುರುಗುಟ್ಟಿದಳು. ಪಕ್ಕದ ಹಸಿರು ರವಿಕೆಯ ಕೆಳಗೆ ಬಂದಳು. ಬೆರಳು ನಿಂತಿತು.

"ಇದು ನನ್ನ ಹೆಸ್ರಲ್ವನೇ? ಇಲ್ಲಿ ಎಂತಕ್ಕೆ ಬಂತು?"

ಒಳಗಿಂದ ಅತ್ತಿಗೆ ಒದ್ದೆ ಬಟ್ಟೆ ಹಿಡಿದುಕೊಂಡೇ ಓಡಿಬಂದಳು. "ಅತ್ತೆ, ಅದು ನನ್ನ ಹಳೇದು... ಈಗ್ಲೇ ಒರೆಸಿಬಿಡ್ತೀನಿ."

"ತಡಿ."

ಅಮ್ಮ ಮತ್ತೆ ಬೆರಳಿಟ್ಟು ಓದಿದಳು, ಈ ಸಲ ಬಾಯಿಬಿಟ್ಟು.

"ಓ," ಎಂದಳು ಅತ್ತಿಗೆ. ಮೊದಲ ಸಲಕ್ಕೇ. ಹೇಳಿ ನಾಲಿಗೆ ಕಚ್ಚಿಕೊಂಡಳು.

ಅಮ್ಮನಿಗೆ ನಗು ಬಂತು. "ಕಿವಿ ಮಂದ ಅಲ್ಲ ಹಂಗಾರೆ," ಎಂದಳು. ಆಮೇಲೆ ನಗು ನಿಲ್ಲಿಸಿ, "ಈ ಮನೇಲಿ ಈ ಹೆಸ್ರು ಕಿವಿಗೆ ಬಿದ್ದಿದ್ದು ಇದೇ ಮೊದ್ಲು ಕಣೆ," ಎಂದಳು.

ನಿಜ. ಅಪ್ಪ ಅವಳನ್ನು ಕರೆಯುತ್ತಿದ್ದದ್ದು "ಇದೇ, ಕೇಳ್ತಾ" ಎಂದು. ನಾವು ಅಮ್ಮ, ಬಂಧುಗಳು ಅಕ್ಕ. ಯಾರೂ ಕರೆಯದ ಹೆಸರನ್ನು ಕಾಯುವುದಕ್ಕೆ ನಾವು ಇನ್ನೊಬ್ಬಳ ಹೆಸರು ಕಿತ್ತುಕೊಂಡಿದ್ದೆವು.

"ನೀ ಒಂದ್ಸಲ ಕರಿ ನೋಡಾಣ," ಎಂದಳು ಅಮ್ಮ ನನಗೆ.

ಹೆತ್ತ ತಾಯಿಯನ್ನು ಹೆಸರು ಹಿಡಿದು ಕರೆದರೆ ಬೆನ್ನಿಗೆ ಬೀಳುವುದು ಏನೆಂದು ನನಗೆ ಗೊತ್ತಿತ್ತು. ಜಗಲಿ ಇಳಿದು, ಅವಳ ಕೈಗೆ ಸಿಗದಷ್ಟು ದೂರ ಅಂಗಳದಲ್ಲಿ ನಿಂತುಕೊಂಡು, ಜೋರಾಗಿ ಕರೆದೆ.

ಎರಡು "ಓ" ಬಂದವು. ಒಂದರ ದನಿ ನನಗೆ ಬಾವಿಕಟ್ಟೆಯಿಂದಲೇ ಪರಿಚಯ. ಇನ್ನೊಂದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.