ಚಕ್ರದ ಕಮಾನಿಗೆ ಅಂಚು ಕೂರಿಸಿದ ಅಳತೆ ಅಕ್ಕ

ವಾಹನಗಳ ಹೊರಮೈ ಕೆಲಸದಲ್ಲಿ ಹೆಸರು ಮಾಡಿದವರು ಸಾಮಾನ್ಯವಾಗಿ ಎರಡು ಬಗೆ: ಜಜ್ಜಿಹೋದ ತಗಡನ್ನು ಮೊದಲಿನಂತೆ ಮಾಡುವವರು, ಹಾಗೆ ಮಾಡಿದ್ದಕ್ಕೆ ಕನ್ನಡಿಯಂಥ ಬಣ್ಣ ಕೊಡುವವರು. ಇವರಿಬ್ಬರ ನಡುವೆ, ಯಾರೂ ಅಷ್ಟಾಗಿ ಗಮನಿಸದ ಒಂದು ಕೆಲಸವನ್ನು ಕಲೆಯ ಮಟ್ಟಕ್ಕೆ ಏರಿಸಿ, ಮೂವತ್ತೊಂದು ವರ್ಷಗಳ ಸೇವೆಯ ಬಳಿಕ ಈ ತಿಂಗಳು ನಿವೃತ್ತರಾಗುತ್ತಿರುವವರು ನಮ್ಮ ವರ್ಕ್‌ಶಾಪಿನ ಅಳತೆ ಅಕ್ಕ. ಪಿಕಪ್ ಗಾಡಿಗಳಿಗೆ ಫ್ಲೇರ್ ಕೂರಿಸುವುದು, ಅಂದರೆ ಹೊರಚಾಚಿದ ಟೈರು ಕಲ್ಲು ಕೆಸರು ಎರಚದಂತೆ ಚಕ್ರದ ಕಮಾನಿನ ಅಂಚಿಗೆ ಅಗಲವಾದ ಪಟ್ಟಿ ಜೋಡಿಸುವುದು, ಅವರ ಕ್ಷೇತ್ರ.

ಅವರು ಮೊದಲು ಸೇರಿದ್ದು ಸೀಟಿನ ಕವರು ಹೊಲಿಯಲು. ಐದು ವರ್ಷ ಕಿಟಕಿಯ ಪಕ್ಕದ ಹೊಲಿಗೆ ಯಂತ್ರದ ಮುಂದೆ ಕುಳಿತು, ಎದುರಿನ ಶೆಡ್ಡಿನಲ್ಲಿ ನಡೆಯುವುದನ್ನೆಲ್ಲ ನೋಡಿ ನೋಡಿ, ಒಂದು ದಿನ ಎದ್ದು ಹೋಗಿ ತಗಡಿನ ಕೆಲಸ ಕಲಿಸಿರೆಂದು ಕೇಳಿದರು. ಬಣ್ಣದ ಮೇಸ್ತ್ರಿ ನಕ್ಕುಬಿಟ್ಟರಂತೆ.

“ಸೂಜಿ ಹಿಡಿದ ಕೈಗೆ ಡ್ರಿಲ್ಲು ಯಾಕಮ್ಮಾ?”

“ಎರಡೂ ತೂತು ಮಾಡೋವೇ ಅಲ್ವಾ ಅಣ್ಣಾ? ಬಟ್ಟೇಲಿ ತಪ್ಪಿದ್ರೆ ಬಿಚ್ಚಿ ಹೊಲೀಬಹುದು, ತಗಡಲ್ಲಿ ಆಗಲ್ಲ. ಅಷ್ಟೇ ವ್ಯತ್ಯಾಸ.”

ಆ ವ್ಯತ್ಯಾಸವನ್ನು ಅವರು ಒಂದು ದಿನವೂ ಮರೆಯಲಿಲ್ಲ. ಮರೆತದ್ದು ಒಂದೇ ಸಲ, ಅದನ್ನು ಮುಂದೆ ಹೇಳುತ್ತೇವೆ.

ಸೇವೆಯ ಹನ್ನೆರಡನೆಯ ವರ್ಷದಲ್ಲಿ ಜೇನು ಸಾಕುವವರೊಬ್ಬರು ಪಿಕಪ್ ತಂದರು. ಹೊಸದಾಗಿ ಹಾಕಿಸಿದ ಅಗಲ ಟೈರಿನಿಂದ ಸಿಡಿದ ಕಲ್ಲು, ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ಅವರ ಮಾವನ ಹೆಲ್ಮೆಟ್ಟಿನ ಗಾಜು ಒಡೆದು, ಹುಬ್ಬು ಸೀಳಿತ್ತು. ಕಣ್ಣು ಕೂದಲೆಳೆಯಲ್ಲಿ ಉಳಿಯಿತು, ಮಾತು ಉಳಿಯಲಿಲ್ಲ. ಒಂದೇ ಮನೆಯಲ್ಲಿದ್ದೂ ಮಾವ ಅಳಿಯನೊಂದಿಗೆ ಮಾತು ಬಿಟ್ಟರು. ಇಷ್ಟಾದರೂ ಅಳಿಯ ಬೆರಳು ತೋರಿಸಿದ್ದು ಅಂಗಡಿಯ ಅತ್ಯಂತ ಅಗಲದ ಫ್ಲೇರಿಗೇ.

“ನೋಡಿದವ್ರು ದಾರಿ ಬಿಡ್ಬೇಕು, ಅಂಥದ್ದು ಹಾಕಿ.”

“ದಾರಿ ಬಿಡೋದು ಹಾರ್ನಿಗೆ. ಇದು ಇರೋದು ಹಿಂದೆ ಬರೋರ ಕಣ್ಣು ಉಳಿಸೋಕೆ,” ಎಂದರು ಅಕ್ಕ. “ಖಾಲಿ ಗಾಡಿ ಅಳತೆ ಅಳತೆಯಲ್ಲ. ಜೇನುಪೆಟ್ಟಿಗೆಗಳಷ್ಟು ಭಾರ ಹೇರ್ಕೊಂಡು ಬನ್ನಿ.”

ಮರಳಿನ ಮೂಟೆ ಹೇರಿ ತಂದ ಗಾಡಿಯ ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಟೈರಿಗೂ ಕಮಾನಿಗೂ ನಡುವೆ ಕೈಯಾಡಿಸಿ ತೋರಿಸಿದರು: ಆ ದೊಡ್ಡ ಫ್ಲೇರಿನ ಇಳಿಬಿದ್ದ ಅಂಚು ಭಾರದಲ್ಲಿ ಟೈರಿಗೆ ಉಜ್ಜುತ್ತಿತ್ತು. ಕೊನೆಗೆ ಆರಿಸಿದ್ದು, ಟೈರನ್ನು ಮುಚ್ಚಿ ಒಂದು ಬೆರಳಷ್ಟೇ ಮುಂದೆ ಬರುವ, ಒಳ ಅಂಚು ಗಿಡ್ಡಗಿರುವ ಸಾದಾ ಫ್ಲೇರು. ಆತ ಮುಖ ಗಂಟಿಕ್ಕಿಕೊಂಡೇ ಗಾಡಿ ಒಯ್ದರು.

ಒಂದೂವರೆ ವರ್ಷದ ಮೇಲೆ ಬೇರೊಂದು ಗಾಡಿಯ ಫ್ಲೇರು ಬಿಚ್ಚಿದಾಗ ಸ್ಕ್ರೂ ತೂತಿನ ಸುತ್ತ ಕಂದು ಉಂಗುರ ಕಂಡಿತು. ಈ ಗಾಡಿಗೂ ಜೇನಿನವರ ಗಾಡಿಗೂ ಫ್ಲೇರು ಕೂರಿಸಿದ ತಿಂಗಳು ಕೆಲಸದ ಒತ್ತಡದಲ್ಲಿ, ಕೊರೆದ ತೂತಿಗೆ ಬಳಿದ ತುಕ್ಕು ತಡೆಯುವ ಬಣ್ಣ ಆರುವ ಮೊದಲೇ ಅಕ್ಕ ಸ್ಕ್ರೂ ಬಿಗಿದಿದ್ದರು. ಯಾರೂ ದೂರಿರಲಿಲ್ಲ, ಹೊರಗಿನಿಂದ ಯಾರಿಗೂ ಕಾಣುವಂತಿರಲಿಲ್ಲ. ಆದರೂ ಆ ತಿಂಗಳ ಏಳೂ ಗಾಡಿಗಳನ್ನು ಕರೆಸಬೇಕೆಂದು ಹಟ ಹಿಡಿದರು.

“ಇರಲಾರದೆ ಇರುವೆ ಬಿಟ್ಕೊಂಡ ಹಾಗಾಗುತ್ತಮ್ಮಾ,” ಎಂದರು ಮಾಲೀಕರು.

“ಇರುವೆ ಆಗಲೇ ತಗಡಿನೊಳಗಿದೆ ಸಾರ್. ಬಿಟ್ಟವಳು ನಾನೇ.”

ಆರು ಗಾಡಿಗಳು ಬಂದವು. ಜೇನಿನವರಿಗೆ ಹೂವಿನ ಕಾಲ, ಪೆಟ್ಟಿಗೆಗಳನ್ನು ಬಿಟ್ಟು ಬರುವಂತಿರಲಿಲ್ಲ. ಅಕ್ಕನೇ ಉಪಕರಣದ ಪೆಟ್ಟಿಗೆ ಹೊತ್ತು ಅವರ ಊರಿನ ಬಸ್ಸು ಹತ್ತಿದರು. ಅಲ್ಲಿ ಫ್ಲೇರುಗಳನ್ನು ಬಿಚ್ಚಿ, ತುಕ್ಕು ಕೆರೆದು, ಬಣ್ಣ ಬಳಿದು, ಬಿಸಿಲಲ್ಲಿ ಆರುವವರೆಗೆ ಕಾದರು. ಕಾಯುವಾಗ ಜೇನುಹುಳು ಬಲಗೈಗೆ ಕಚ್ಚಿ, ಬೆರಳುಗಳು ಬಾಳೆಹಣ್ಣಿನಂತೆ ಊದಿಕೊಂಡವು. ಬೇರೆ ದಾರಿಯಿರಲಿಲ್ಲ. ಸ್ಕ್ರೂ ತಿರುಗಿಸಲು ಹೊರಗೆ ಮಾವ, ನಟ್ಟು ಹಿಡಿಯಲು ಕಮಾನಿನೊಳಗೆ ಅಳಿಯ.

“ನಟ್ಟು ಹಿಡ್ಕೊಳ್ಳೋಕೆ ಹೇಳಮ್ಮಾ ಅವನಿಗೆ,” ಎಂದರು ಮಾವ.

“ನಾನೇನು ಟೆಲಿಫೋನಾ ಯಜಮಾನ್ರೇ? ಮೊಳ ದೂರದಲ್ಲಿದಾರೆ, ನೀವೇ ಹೇಳಿ.”

ಗಾಡಿಯಡಿಯಿಂದ ಅಳಿಯನ ದನಿ ಬಂತು: “ಮಾವಾ, ಹಿಡ್ಕೊಂಡಿದೀನಿ. ತಿರುಗ್ಸಿ.”

“ಪೂರ್ತಿ ಬಿಗೀಬೇಕಾ?”

“ಬೇಡ, ಎಲ್ಲಾ ಕೂತ ಮೇಲೆ ಬಿಗಿಯೋಣ ಅಂದಿದಾರೆ ಅಕ್ಕ.”

ನಾಲ್ಕನೆಯ ಸ್ಕ್ರೂವಿಗೆ ಮಾವ ಗದರಿದರು: “ನೆಟ್ಟಗೆ ಹಿಡಿಯೋ! ಕೈ ಯಾಕೆ ಹಂಗೆ ನಡುಗುತ್ತೆ?”

“ಆ ಕಲ್ಲು ಬಡಿದ ದಿನದಿಂದ ನಡುಗ್ತಾನೇ ಇದೆ ಮಾವಾ.”

ಮಾವ ಸ್ಕ್ರೂಡ್ರೈವರ್ ಕೆಳಗಿಟ್ಟರು. ಹುಬ್ಬಿನ ಗಾಯದ ಗೆರೆಯನ್ನು ಒಮ್ಮೆ ಸವರಿಕೊಂಡು, “ಈಚೆ ಬಾ, ನೀರು ಕುಡಿ ಮೊದಲು,” ಎಂದರು. ಅಕ್ಕ ಊದಿದ ಕೈಯನ್ನು ನೋಡಿಕೊಳ್ಳುವ ನೆಪದಲ್ಲಿ ಅತ್ತ ತಿರುಗಿ ನಿಂತರು. ಅಂದು ಹೊರಡುವಾಗ ಅವರನ್ನು ಬಸ್ ನಿಲ್ದಾಣಕ್ಕೆ ಬಿಟ್ಟುಬಂದದ್ದು ಇಬ್ಬರೂ, ಅದೇ ಪಿಕಪ್ಪಿನಲ್ಲಿ.

ಅಕ್ಕನ ಕೋಪವನ್ನು ಮರೆಮಾಚಿದರೆ ಈ ಲೇಖನ ಸುಳ್ಳಾದೀತು. ಅವರ ಅಳತೆ ಟೇಪನ್ನು ಕೇಳದೆ ಮುಟ್ಟಿದವರು ಆ ಮಧ್ಯಾಹ್ನವೆಲ್ಲ ಅನುಭವಿಸಿದ್ದಾರೆ, ಮಾಲೀಕರೂ ಸೇರಿ. ಆದರೆ ಮಗಳ ಹೆರಿಗೆಗೆ ಬಣ್ಣದ ಮೇಸ್ತ್ರಿ ರಜೆ ಹೋದಾಗ ಮೂರು ವಾರ ಅವರ ಪಾಲಿನ ಉಜ್ಜುವ ಕೆಲಸವನ್ನೂ ತುಟಿಪಿಟಕ್ಕೆನ್ನದೆ ಮಾಡಿದವರು ಇದೇ ಅಕ್ಕ. ಮೇಸ್ತ್ರಿ ಮುಂದೆ ಸ್ವಂತ ಪಿಕಪ್ ಕೊಂಡಾಗ ಕೀಲಿಕೈಯನ್ನು ಅವರ ಕೈಗಿಟ್ಟು, “ಯಾವುದು ಹೊಂದುತ್ತೋ ನೋಡಿ ಹಾಕಮ್ಮಾ, ನಾನು ಬಾಯಿ ಬಿಡಲ್ಲ,” ಎಂದರು. ಮೇಸ್ತ್ರಿಯ ಬಾಯಿಂದ ಅದಕ್ಕಿಂತ ದೊಡ್ಡ ಪ್ರಶಸ್ತಿ ಬಂದದ್ದನ್ನು ನಾವಾರೂ ಕೇಳಿಲ್ಲ.

ಬೀಳ್ಕೊಡುಗೆಯ ಮಾತಿಗೆ ಅಕ್ಕ ಎದ್ದು ನಿಂತು ಹೇಳಿದ್ದು ಇಷ್ಟೇ: “ನಾನು ಮಾಡಿದ್ದರಲ್ಲಿ ಎಲ್ಲಾದ್ರೂ ತಪ್ಪು ಕಂಡ್ರೆ ಹೇಳಿ ಕಳಿಸಿ. ಬಂದು ಸರಿ ಮಾಡ್ತೀನಿ.”

ಅವರಿಗೆ ನೂರು ವರ್ಷದ ಗಟ್ಟಿ ಆಯುಷ್ಯವಿರಲಿ, ಕೈಗೆ ಬಿಡುವಿಲ್ಲದಷ್ಟು ಕೆಲಸವಿರಲಿ. ಇನ್ನು ನಾವು, ಅವರು ಕೂರಿಸಿದ ಫ್ಲೇರಿನ ಗಾಡಿ ಶೆಡ್ಡಿಗೆ ಬಂದಾಗಲೆಲ್ಲ ಮೊಣಕಾಲೂರಿ, ದೀಪ ಹಿಡಿದು, ಒಂದೇ ಒಂದು ತಪ್ಪಾದರೂ ಸಿಕ್ಕೀತೇ ಎಂದು ಆಸೆಯಿಂದ ಹುಡುಕುತ್ತಿರುತ್ತೇವೆ.