ಕಮಿಷನರ್ ಬರುವ ಮುಂಚೆ ಬಳಿದ ಸುಣ್ಣ

ಅಪ್ಪ ಊರಾಚೆಯ ಗಚ್ಚಿಬೌಲಿಯಲ್ಲಿ ಸೈಟು ಕೊಂಡಾಗ ಅಲ್ಲಿ ಬಂಡೆ, ಸೀಮೆಜಾಲಿ ಬಿಟ್ಟರೆ ಬೇರೇನೂ ಇರಲಿಲ್ಲ. ನೆಂಟರು ನಕ್ಕಿದ್ದರು. ಬೀದರ್ ಕಡೆಯಿಂದ ಬಂದು, ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿಗೆ ಮೇಸ್ತ್ರಿಯಾಗಿದ್ದ ಅವನಿಗೆ ಒಂದೇ ಹಂಬಲ: ಮಲ್ಕಾಜ್‌ಗಿರಿಯ ಬಾಡಿಗೆ ಮನೆ ಬಿಟ್ಟು ಸ್ವಂತ ಸೂರಿನಡಿ ಕಣ್ಣು ಮುಚ್ಚಬೇಕು. ನಾಲ್ಕು ಮೂಲೆಗೆ ಕಲ್ಲು ನೆಟ್ಟ, ಸುತ್ತ ತಂತಿ ಎಳೆದ, ತಗಡಿನ ಗುಡಿಸಲೊಂದನ್ನು ಹಾಕಿದ. ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗಿ ಅದರ ನೆರಳಲ್ಲಿ ಕೂತು ಬರುತ್ತಿದ್ದ. ಕಲ್ಲಿಗೆ ಪಾಚಿ ಹಿಡಿಯಿತು, ತಂತಿಗೆ ತುಕ್ಕು ಹಿಡಿಯಿತು. ಮನೆ ಮಾತ್ರ ಏಳಲಿಲ್ಲ.

ಆಮೇಲೆ ಸಾಫ್ಟ್‌ವೇರ್ ಕಂಪನಿಗಳು ಬಂದವು. ಬಂಡೆಗೂ ಬೆಲೆ ಬಂತು, ಬೆಲೆಯ ಬೆನ್ನಿಗೇ ಒಬ್ಬ ಬಿಲ್ಡರ್ ಬಂದ. ಪಕ್ಕದ ಜಾಗದ ಜೊತೆ ಇದೂ ತನ್ನದೇ, ನಾವು ಅಲ್ಲಿ ಎಂದೂ ಕಾಲಿಟ್ಟೇ ಇಲ್ಲ ಎಂದ. ಅವನ ಹತ್ತಿರವೂ ರಿಜಿಸ್ಟ್ರಿ ಕಾಗದ ಇತ್ತು. ನಾವು ಕೋರ್ಟಿಗೆ ಹೋದೆವು. ಸ್ಥಳ ನೋಡಿ ವರದಿ ಕೊಡಲು ಕೋರ್ಟು ಯಾರ ಕಡೆಯವರೂ ಅಲ್ಲದ ವಕೀಲರೊಬ್ಬರನ್ನು ಕಮಿಷನರ್ ಆಗಿ ನೇಮಿಸಿತು. ಇದಕ್ಕಿಂತ ಒಳ್ಳೆಯದು ಬೇಕೆ ಎಂದರು ನಮ್ಮ ವಕೀಲರು. ಆ ಪಾಚಿ, ಆ ತುಕ್ಕೇ ನಮ್ಮ ಸಾಕ್ಷಿ ಎಂದು ಮಾತ್ರ ಅಪ್ಪನಿಗೆ ಆ ಪುಣ್ಯಾತ್ಮ ಹೇಳಲಿಲ್ಲ.

ಅಪ್ಪನಿಗೆ ಗೊತ್ತಿದ್ದದ್ದು ರೈಲ್ವೆಯ ಇನ್‌ಸ್ಪೆಕ್ಷನ್. ದೊಡ್ಡ ಸಾಹೇಬರು ಬರುತ್ತಾರೆಂದರೆ ಹಳಿಯ ಪಕ್ಕದ ಹುಲ್ಲು ಕೀಳಬೇಕು, ಹಳೆ ಸಾಮಾನು ಮರೆ ಮಾಡಬೇಕು, ಕಲ್ಲುಕಲ್ಲಿಗೂ ಸುಣ್ಣ ಬಳಿಯಬೇಕು. ಜೀವಮಾನವಿಡೀ ಅದನ್ನೇ ಮಾಡಿಸಿ ಶಭಾಷ್ ಅನ್ನಿಸಿಕೊಂಡವನು. ಕಮಿಷನರ್ ಬರುವ ಹಿಂದಿನ ದಿನ ನಮಗ್ಯಾರಿಗೂ ಹೇಳದೆ, ನಿವೃತ್ತರಾಗಿದ್ದ ಗ್ಯಾಂಗಿನ ಗೆಳೆಯರನ್ನು ಕರೆದುಕೊಂಡು ಹೋದ. ತುಕ್ಕು ತಂತಿ, ತಗಡಿನ ಗುಡಿಸಲು ಎಲ್ಲ ಗುಜರಿಗೆ ಹಾಕಿದ. ವಾಲಿದ ಕಲ್ಲು ಕಿತ್ತು, ಮಣ್ಣು ತೋಡಿ, ನೆಟ್ಟಗೆ ನಿಲ್ಲಿಸಿದ. ಪಾಚಿ ಉಜ್ಜಿ ತೆಗೆದು ಸುಣ್ಣ ಬಳಿದ. ಸಂಜೆ ಕೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಬಂದವನ ಮುಖ ನೋಡಬೇಕಿತ್ತು.

"ಎಲ್ಲಾ ಚೊಕ್ಕ ಮಾಡಿ ಬಂದೀನಿ. ಸಾಹೇಬ್ರು ನೋಡಿದ್ರ ಖುಷ್ ಆಗ್ಬೇಕು," ಎಂದ.

"ಹಂಗಾರ ನಾಳೆ ಅವ್ರಿಗೆ ಥರ್ಮಾಸಿನ್ಯಾಗ ಚಹಾ ಒಯ್ರಿ," ಎಂದಳು ಅವ್ವ.

ಕಮಿಷನರ್ ಬಂದರು, ಅಳತೆ ತೆಗೆಸಿದರು, ಫೋಟೋ ತೆಗೆಸಿದರು, ಚಹಾ ಬೇಡವೆಂದು ಹೋದರು. ವರದಿಯಲ್ಲಿ ಹೀಗಿತ್ತು: ಕಲ್ಲುಗಳು ಇತ್ತೀಚೆಗೆ ನೆಟ್ಟಂತಿವೆ, ಬುಡದ ಮಣ್ಣು ಸಡಿಲವಾಗಿದೆ, ಸುಣ್ಣ ಹೊಸದು, ಬೇಲಿಯಾಗಲಿ ಕಟ್ಟಡವಾಗಲಿ ಇಲ್ಲ, ಹಳೆಯ ಸ್ವಾಧೀನದ ಗುರುತು ಕಾಣಲಿಲ್ಲ. ಒಂದಕ್ಷರವೂ ಸುಳ್ಳಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ. ನಾನು ಅದನ್ನು ಓದಲು ಕೂತಾಗ ಅಪ್ಪ ಆಸೆಯಿಂದ ಕೇಳಿದ: "ಜಾಗಾ ಚೊಕ್ಕ ಐತಿ ಅಂತ ಬರದಾರೇನ?"

ವರದಿಯೇ ಕೊನೆಯ ಮಾತಲ್ಲ ಎಂದರು ನಮ್ಮ ವಕೀಲರು. ಬೇರೆ ಸಾಕ್ಷಿಗಳಂತೆ ಅದೂ ಒಂದಂತೆ. ಜಾಗ ಯಾರ ಸ್ವಾಧೀನದಲ್ಲಿತ್ತು ಎಂಬುದನ್ನು ಅದೊಂದರಿಂದಲೇ ತೀರ್ಮಾನಿಸುವಂತಿಲ್ಲವಂತೆ. ಆಕ್ಷೇಪ ಹಾಕಿದೆವು. ಕಮಿಷನರನ್ನೇ ಕಟಕಟೆಗೆ ಕರೆಸಿ ಪ್ರಶ್ನೆ ಮಾಡಬಹುದಿತ್ತು, ಆದರೆ ಜಡ್ಜ್ ಸಾಹೇಬರಿಗೆ ಬೇಸರವಾದೀತು ಎಂದು ವಕೀಲರೇ ಹಿಂದೇಟು ಹಾಕಿದರು. ಅಪ್ಪ, ಅವನ ಗೆಳೆಯರು ಸುಣ್ಣದ ಕಥೆ ಹೇಳಿದಾಗ ಎದುರು ವಕೀಲ ನಕ್ಕ. ಗುಡಿಸಲಿನ ಫೋಟೋ ತೋರಿಸಿ ಎಂದ. ತಗಡಿನ ಗುಡಿಸಲಿನ ಫೋಟೋ ಯಾರು ತೆಗೆಸಿಟ್ಟಿರುತ್ತಾರೆ?

ಅಪ್ಪ ಹೇಳಿದ್ದು ಸ್ವಂತ ಲಾಭಕ್ಕೆ, ಗೆಳೆಯರು ಹೇಳಿದ್ದು ಗೆಳೆತನಕ್ಕೆ, ಕಮಿಷನರ್ ಒಬ್ಬರೇ ನಿಷ್ಪಕ್ಷಪಾತಿ ಎಂದಿತು ತೀರ್ಪು. ಅಪ್ಪನ ಅಷ್ಟೂ ಭಾನುವಾರಗಳಿಗಿಂತ ಅವರ ಅರ್ಧ ಗಂಟೆಯೇ ತೂಕದ್ದಾಯಿತು. ಮೇಲಿನ ಕೋರ್ಟಿಗೆ ಹೋಗುವ ತ್ರಾಣ ನಮ್ಮಲ್ಲಿರಲಿಲ್ಲ. ಈಗ ಅಲ್ಲಿ ಅಪಾರ್ಟ್‌ಮೆಂಟ್ ನಿಂತಿದೆ, ನಾನು ಆ ದಾರಿ ತುಳಿಯುವುದಿಲ್ಲ.

ಆ ವರ್ಷ ದಸರೆಗೆ ಅವ್ವ ಎಂದಿನಂತೆ ಬಾಡಿಗೆ ಮನೆಗೆ ಹಚ್ಚಲು ಸುಣ್ಣ ಕಲಸಿದಳು. ಅಪ್ಪ ಬಕೆಟ್ಟನ್ನು ಅವಳ ಕೈಯಿಂದ ಕಸಿದು ಮೋರಿಗೆ ಸುರಿದ. ಎಣ್ಣೆತಲೆ ಆನಿಸಿ ಆನಿಸಿ ಕಪ್ಪಾಗಿದ್ದ ಗೋಡೆಯ ಮೇಲೆ ಕೈಯಾಡಿಸಿದ.

"ಹಳೇದ ಕಾಣ್ಲಿ ಬಿಡು," ಎಂದ. "ಇಲ್ಲ್ಯಾದ್ರೂ ನಾವು ಇದ್ವಿ ಅಂತ ಗುರ್ತು ಇರ್ಲಿ."