ಕ್ಯಾರಿಯರ್ ಇಲ್ಲದ ಸೈಕಲ್ಲು

ಎಸ್.ಎಸ್. ಬಡಾವಣೆಯ ನಮ್ಮ ಓಣಿಯವರು ನನ್ನ ಗ್ರಾವೆಲ್ ಬೈಕ್ ನೋಡಿ ಕೇಳೋದು ಒಂದೇ ಮಾತು: "ತಗೊಂಡಿದ್ದಕ್ಕೆ ಸಾರ್ಥಕ ಆತೇನ್ರಿ?"

ಜಲ್ಲಿಕಲ್ಲಿನ ಮೇಲೂ ಓಡೋ ಸೈಕಲ್ಲು ಅಂತಲೇ ಅದನ್ನು ತಗೊಂಡಿದ್ದೆ. ಒಂದು ಬೆಳಿಗ್ಗೆ ಹರಿಹರದ ಕಡೆ ನೀರಿನ ಚಾನಲ್ಲಿನ ಏರಿ ಹಿಡಿದು ಹೋಗ್ತಿದ್ದಾಗ, ಕೆಟ್ಟು ನಿಂತ ಮೊಪೆಡ್ ಪಕ್ಕ ಒಬ್ಬರು ತುಂಬಿದ ಚೊಂಬು ಹಿಡಿದು ನಿಂತಿದ್ದರು.

"ಇವತ್ತು ನಮ್ಮವ್ವನ ಹಾಲುತುಪ್ಪ ರೀ. ಎಲ್ಲಾರೂ ಮುಂದೆ ಹೋಗಿ, ಹೊಲದಾಗೆ ಅವ್ವನ್ನ ಮಣ್ಣು ಮಾಡಿದ ಗುಂಡಿ ಹತ್ರ ಕಾಯ್ತಾ ಅದಾರೆ. ಹಾಲನ್ನೇ ಮರೆತಿದ್ವಿ, ತರಾಕೆ ವಾಪಸ್ ಬಂದಿದ್ದೆ. ಹಿಂದೆ ಕೂಡ್ಲೇನ್ರಿ?"

ಕೂಡೋಕೆ ಸೈಕಲ್ಲಿನ ಹಿಂದೆ ಏನೂ ಇರಲಿಲ್ಲ. ಅವರು ಬಗ್ಗಿ ನೋಡಿದರು.

"ಕ್ಯಾರಿಯರ್ ಇಲ್ಲೇನ್ರಿ ಇದಕ್ಕೆ?"

"ಇಲ್ಲಣ್ಣ. ಚೊಂಬು ಕೊಡ್ರಿ, ನಾನೇ ಮುಟ್ಟಿಸ್ತೀನಿ."

"ಬ್ಯಾಡ್ರಿ. ಮಗ ನಾನು. ನನ್ನ ಕೈಯಾಗೇ ಹೋಗ್ಬೇಕು."

ಹಂಗಾದ್ರೆ ಸೈಕಲ್ಲು ನೀವೇ ತಗೊಂಡು ಹೋಗ್ರಿ ಅಂದೆ. ಒಂದು ಕೈಯಲ್ಲಿ ಚೊಂಬು ಹಿಡಿದು, ಇನ್ನೊಂದರಲ್ಲಿ ಆ ಬಾಗಿದ ಹ್ಯಾಂಡಲ್ ಹಿಡಿಯೋಕೆ ಅವರಿಗೆ ಆಗಲಿಲ್ಲ. ಹಾಲು ತುಳುಕಿತು.

"ನೀವು ಹೋಗ್ರಿ, ನಾನು ನಡೀತೀನಿ" ಅಂದರು. ಅವರನ್ನು ಹಿಂದೆ ಬಿಟ್ಟು ತುಳಿಯೋಕೆ ಕಾಲೇ ಬರಲಿಲ್ಲ. ಸೈಕಲ್ಲು ತಳ್ಕೊಂಡು ಜೊತೆಗೆ ನಡೆದೆ. ದಾರಿಯುದ್ದಕ್ಕೂ ಅವರ ಕಣ್ಣು ಹಾಲಿನ ಮೇಲೇ ಇತ್ತು.

ಹೊಲದಲ್ಲಿ ಯಾರೂ ತಡ ಯಾಕೆ ಅಂತ ಕೇಳಲಿಲ್ಲ. ಮಗ ಹಸಿ ಮಣ್ಣಿನ ಮೇಲೆ ಹಾಲು ಬಿಟ್ಟರು. ಆಮೇಲೆ ಒಬ್ಬ ಅಜ್ಜಿ ಚೊಂಬನ್ನು ನನ್ನ ಕಡೆ ಚಾಚಿದಳು.

"ನಡ್ಕೊಂಡು ಬಂದೀಯಲ್ಲಪ್ಪ, ನೀನೂ ಬಿಡು."

ನಾನು ಮುಖ ನೋಡದ ಆ ತಾಯಿಗೆ ನಾನೂ ಹಾಲು ಬಿಟ್ಟೆ.

ಸಾರ್ಥಕ ಆತೇನು ಅಂತ ಓಣಿಯವರು ಈಗಲೂ ಕೇಳ್ತಾರೆ. ತಳ್ಕೊಂಡು ನಡೆಯೋಕೆ ಭಾಳ ಹಗುರ ಐತೆ ಅಂತೀನಿ.